ಅಕ್ಕಿ ಕೇಳಿದವರಿಗೆ ಭತ್ತ: ಗಂಗಾವತಿಯ ಗಿರಣಿಗಳಲ್ಲಿ ಪೈಥಾನ್ ವೀಲ್, ಪಿಪ್ ಮತ್ತು ಪೈಪಿಐ

ಗಂಗಾವತಿ ಮತ್ತು ಕಾರಟಗಿಯ ಹನ್ನೊಂದು ಅಕ್ಕಿ ಗಿರಣಿಗಳ ವೇ ಬ್ರಿಡ್ಜ್ ಕೋಣೆಗಳಲ್ಲಿ ನಾನು ಬರೆದುಕೊಟ್ಟ ತೂಕದ ಲೆಕ್ಕದ ಪ್ರೋಗ್ರಾಮ್ ನಡೆಯುತ್ತಿದೆ. ಟ್ರ್ಯಾಕ್ಟರೋ ಲಾರಿಯೋ ಬಂದು ನಿಂತಾಗ ತೂಕದ ಯಂತ್ರದಿಂದ ಸೀರಿಯಲ್ ಕೇಬಲ್ ಮೂಲಕ ಬರುವ ಅಂಕಿಯನ್ನು ಅದು ಓದಿಕೊಳ್ಳುತ್ತದೆ, ಖಾಲಿ ಗಾಡಿಯ ತೂಕವನ್ನು ಕಳೆಯುತ್ತದೆ, ಉಳಿದ ಭತ್ತವನ್ನು 75 ಕೆಜಿ ಚೀಲದ ಲೆಕ್ಕದಲ್ಲೂ ಕ್ವಿಂಟಲ್ ಲೆಕ್ಕದಲ್ಲೂ ಚೀಟಿಯ ಮೇಲೆ ಮುದ್ರಿಸುತ್ತದೆ. ನಮ್ಮ ಭಾಗದಲ್ಲಿ ದರ ಮಾತಾಡುವುದು ಚೀಲಕ್ಕೆ, ಸರ್ಕಾರದ ಬೆಂಬಲ ಬೆಲೆ ಬರುವುದು ಕ್ವಿಂಟಲ್‌ಗೆ, ಆದ್ದರಿಂದ ಎರಡೂ ಬೇಕು. ಪ್ರೋಗ್ರಾಮ್ ಪೈಥಾನ್ ಭಾಷೆಯಲ್ಲಿದೆ. ಅದರಲ್ಲಿ ನಾನು ಬರೆದ ಸಾಲುಗಳಿಗಿಂತ ಬೇರೆಯವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪ್ಯಾಕೇಜ್‌ಗಳ ಸಾಲುಗಳೇ ಎಷ್ಟೋ ಪಟ್ಟು ಹೆಚ್ಚು: ಸೀರಿಯಲ್ ಪೋರ್ಟ್ ಓದಲು ಪೈಸೀರಿಯಲ್, ಗಾಡಿಯ ಫೋಟೊ ಚಿಕ್ಕದು ಮಾಡಲು ಪಿಲ್ಲೋ, ತಿಂಗಳ ಲೆಕ್ಕಕ್ಕೆ ಪಾಂಡಾಸ್, ಎಕ್ಸೆಲ್ ಫೈಲಿಗೆ ಓಪನ್‌ಪೈಎಕ್ಸ್‌ಎಲ್. ನಾನಿಲ್ಲಿ ವಿಮರ್ಶಿಸಲು ಹೊರಟಿರುವುದು ಆ ಪ್ಯಾಕೇಜ್‌ಗಳನ್ನಲ್ಲ, ಅವುಗಳನ್ನು ನನ್ನ ಮೇಜಿನವರೆಗೆ ಮುಟ್ಟಿಸುವ ವ್ಯವಸ್ಥೆಯನ್ನು: ಪೈಪಿಐ ಎಂಬ ಉಗ್ರಾಣ, ಅಲ್ಲಿಂದ ಹೊತ್ತು ತರುವ ಪಿಪ್, ಸರಕು ತುಂಬಿದ ವೀಲ್ ಎಂಬ ಚೀಲ. ಇವುಗಳಿಗೆ ನಾನು ಒಂದು ಪೈಸೆಯನ್ನೂ ಕೊಟ್ಟಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಪೈಪಿಐಯನ್ನು ನಡೆಸುವುದು ಪೈಥಾನ್ ಸಾಫ್ಟ್‌ವೇರ್ ಫೌಂಡೇಷನ್ ಎಂಬ ಲಾಭಕ್ಕಾಗಿ ಇರದ ಸಂಸ್ಥೆ. ಆದರೆ ಇವುಗಳನ್ನೇ ನಂಬಿ ನಾನು ಗಿರಣಿಯವರಿಂದ ಹಣ ಪಡೆಯುತ್ತೇನೆ, ಕೆಟ್ಟಾಗ ಬೈಸಿಕೊಳ್ಳುವವನೂ ನಾನೇ.

ಭತ್ತದ ನಾಡಿನಲ್ಲಿ ಕುಳಿತವನಿಗೆ ಈ ವಿಷಯ ಭತ್ತದ ಮಾತಿನಲ್ಲೇ ಬೇಗ ತಿಳಿಯುತ್ತದೆ. ಪೈಥಾನ್ ಪ್ಯಾಕೇಜ್ ಎರಡು ರೂಪದಲ್ಲಿ ಸಿಗುತ್ತದೆ. ಬರೆದ ಸೋರ್ಸ್ ಕೋಡನ್ನು ಇದ್ದಂತೆಯೇ ಗಂಟು ಕಟ್ಟಿದ್ದು ಒಂದು, ಅದನ್ನು ಎಸ್‌ಡಿಸ್ಟ್ ಎನ್ನುತ್ತಾರೆ; ಅದು ಭತ್ತ. ಬಿಚ್ಚಿ ಜಾಗಕ್ಕೆ ಇಟ್ಟರೆ ಸಾಕು ಎನ್ನುವಷ್ಟು ಸಿದ್ಧವಾಗಿರುವುದು ವೀಲ್, ಅದು ಅಕ್ಕಿ. ಪ್ಯಾಕೇಜ್ ಪೂರ್ತಿಯಾಗಿ ಪೈಥಾನ್‌ನಲ್ಲೇ ಬರೆದದ್ದಾದರೆ ಈ ಎರಡರ ನಡುವಿನ ಅಂತರ ದೊಡ್ಡದಲ್ಲ. ಒಳಗೆ ಸಿ ಭಾಷೆಯದೋ ರಸ್ಟ್ ಭಾಷೆಯದೋ ಭಾಗವಿದ್ದರೆ ಮಾತ್ರ, ಭತ್ತ ತಂದವನ ಮನೆಯಲ್ಲಿ ಗಿರಣಿಯೇ ಇರಬೇಕಾಗುತ್ತದೆ, ಅಂದರೆ ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುವ ಕಂಪೈಲರ್ ಬೇಕು, ಅದರ ಜೊತೆಗಿನ ಲೈಬ್ರರಿಗಳು ಬೇಕು, ಅವು ಒಂದಕ್ಕೊಂದು ಹೊಂದಬೇಕು. ವೇ ಬ್ರಿಡ್ಜ್ ಕೋಣೆಯಲ್ಲಿ ಇರುವುದು ಒಂದು ಫ್ಯಾನು, ಒಂದು ಲಕ್ಷ್ಮಿಯ ಪಟ, ತೌಡಿನ ಪುಡಿ ಮೆತ್ತಿಕೊಂಡ ಕೀಬೋರ್ಡು. ಕಂಪೈಲರ್ ಎಲ್ಲಿಂದ ಬರಬೇಕು? ವೀಲ್ ಹೀಗೇ ಇರತಕ್ಕದ್ದೆಂದು ಎಲ್ಲರೂ ಒಪ್ಪಿ ಗೊತ್ತುಮಾಡಿದ್ದರಿಂದ ಆದ ದೊಡ್ಡ ಉಪಕಾರವೆಂದರೆ ಗಿರಣಿಯನ್ನು ಗಿರಾಕಿಯ ಮನೆಯಿಂದ ಎತ್ತಿ ಬೆಳೆದವನ ಕಣಕ್ಕೆ ಸಾಗಿಸಿದ್ದು. ನನ್ನ ಮೆಚ್ಚುಗೆ, ನನ್ನ ತಕರಾರು ಎರಡೂ ಈ ಒಂದು ಸಂಗತಿಗೇ ಸಂಬಂಧಿಸಿವೆ.

ಈ ಸಾಗಾಟಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 2000ದ ಹೊತ್ತಿಗೆ ಪ್ಯಾಕೇಜ್ ಕಟ್ಟಿ ಅಳವಡಿಸುವ ಡಿಸ್ಟ್‌ಯುಟಿಲ್ಸ್ ಎಂಬ ಸಲಕರಣೆ ಪೈಥಾನ್‌ನ ಜೊತೆಯಲ್ಲೇ ಬರತೊಡಗಿತು, 2003ರಲ್ಲಿ ಪೈಪಿಐ ತೆರೆಯಿತು, 2004ರಲ್ಲಿ ಸೆಟಪ್‌ಟೂಲ್ಸ್ ಎಂಬ ಇನ್ನೊಂದು ಸಲಕರಣೆ ಎಗ್ ಎಂಬ ಸಿದ್ಧ ರೂಪವನ್ನು ತಂದಿತು, 2008ರಲ್ಲಿ ಪಿಪ್ ಬಂತು. ಎಗ್ ಬಳಕೆಗೆ ಬಂದರೂ ಅದು ಹೀಗೇ ಇರತಕ್ಕದ್ದು ಎಂದು ಎಲ್ಲರೂ ಕೂತು ಒಪ್ಪಿ ಬರೆದ ಕರಾರು ಎಂದೂ ಆಗಲಿಲ್ಲ, ಪಿಪ್ ಅದನ್ನು ಅಳವಡಿಸಲೂ ಇಲ್ಲ. ಉಳಿದ ದಾರಿ ಸೆಟಪ್.ಪಿವೈ ಎಂಬ ಫೈಲ್. ಅದು ಮಾಹಿತಿಯ ಪಟ್ಟಿಯಲ್ಲ, ಓಡಿಸಬೇಕಾದ ಪ್ರೋಗ್ರಾಮ್. ಈ ಪ್ಯಾಕೇಜ್‌ಗೆ ಬೇರೆ ಏನೇನು ಬೇಕು ಎಂದು ತಿಳಿಯಬೇಕಾದರೆ ಆ ಫೈಲನ್ನು ಓಡಿಸಬೇಕು. ಓಡಿಸಬೇಕಾದರೆ ಅದಕ್ಕೆ ಬೇಕಾದದ್ದೆಲ್ಲ ಮೊದಲೇ ಇರಬೇಕು. ಹುಚ್ಚು ಬಿಡದ ಹೊರತು ಮದುವೆಯಿಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡದು ಎಂದು ನಮ್ಮ ಹಿರಿಯರು ಹೇಳಿದ್ದು ಸೆಟಪ್.ಪಿವೈ ಕುರಿತೇ ಇರಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅದಕ್ಕಿಂತ ಗಂಭೀರವಾದ ಮಾತೆಂದರೆ, ಅಪರಿಚಿತರೊಬ್ಬರು ಬರೆದ ಪ್ರೋಗ್ರಾಮನ್ನು ಅದರಲ್ಲಿ ಏನಿದೆ ಎಂದು ನೋಡುವ ಮೊದಲೇ ಗಿರಣಿಯವರ ಕಂಪ್ಯೂಟರ್‌ನಲ್ಲಿ ಓಡಿಸಿದಂತಾಗುತ್ತಿತ್ತು.

ಡೇನಿಯಲ್ ಹೋಲ್ತ್ ಬರೆದ ಪೆಪ್ 427 ಎಂಬ ಪ್ರಸ್ತಾವನೆ 2013ರ ಫೆಬ್ರುವರಿಯಲ್ಲಿ ಅಂಗೀಕಾರವಾಗಿ ವೀಲ್ ಅಧಿಕೃತ ರೂಪವಾಯಿತು. ಪೆಪ್ ಎಂದರೆ ಪೈಥಾನ್‌ನಲ್ಲಿ ಏನಾದರೂ ಬದಲಾಗಬೇಕಾದಾಗ ಬರೆದು, ಎಲ್ಲರ ಮುಂದಿಟ್ಟು, ವಾದ ಮಾಡಿ ತೀರ್ಮಾನಿಸುವ ಪತ್ರ. ವೀಲ್ ಎಂಬ ಹೆಸರನ್ನು ಕೇಳಿ ನಾನು ಬಹಳ ದಿನ ಬಂಡಿಯ ಗಾಲಿಯೆಂದೇ ತಿಳಿದಿದ್ದೆ. ಅದು ಗಾಲಿಯಾಕಾರದ ಚೀಸ್ ಗಡ್ಡೆಯಂತೆ, ಪೈಪಿಐಗೆ ಚೀಸ್ ಶಾಪ್ ಎಂಬ ಅಡ್ಡಹೆಸರು ಇದ್ದುದರಿಂದ.

ಒಂದು ವೀಲನ್ನು ಹತ್ತಿರದಿಂದ ನೋಡಿದರೆ ಇದರ ಜಾಣತನ ಗೊತ್ತಾಗುತ್ತದೆ. ನನ್ನ ಪೆನ್‌ಡ್ರೈವ್‌ನಲ್ಲಿರುವ ಒಂದರ ಹೆಸರು ಪಿಲ್ಲೋ-10.4.0-ಸಿಪಿ38-ಸಿಪಿ38-ವಿನ್_ಎಎಮ್‌ಡಿ64. ಅಡ್ಡಗೆರೆಗಳ ನಡುವೆ ಐದು ಮಾತುಗಳಿವೆ: ಸರಕಿನ ಹೆಸರು, ಅದರ ಆವೃತ್ತಿ, ಯಾವ ಪೈಥಾನ್‌ಗೆ, ಆ ಪೈಥಾನ್‌ನ ಒಳಗಿನ ಯಾವ ಜೋಡಣೆಗೆ, ಯಾವ ಯಂತ್ರಕ್ಕೆ. ಇದು ಪೈಥಾನ್ 3.8ಕ್ಕೆ, 64 ಬಿಟ್ ವಿಂಡೋಸ್‌ಗೆ ಎಂದು ಚೀಲ ಬಿಚ್ಚುವ ಮೊದಲೇ ತಿಳಿಯುತ್ತದೆ. ಒಳಗೆ ಯಂತ್ರಕ್ಕೆ ಕಟ್ಟಿಬಿದ್ದ ಭಾಗವೇನೂ ಇಲ್ಲದಿದ್ದರೆ ಕೊನೆಯ ಮೂರು ಮಾತುಗಳು ಪಿವೈ3-ನನ್-ಎನಿ ಎಂದಿರುತ್ತವೆ, ಅದು ಎಲ್ಲಿಯಾದರೂ ನಡೆಯುತ್ತದೆ. ಗಂಗಾವತಿಯ ಸೋನಾ ಮಸೂರಿ ಎಂದು ಚೀಲದ ಮೇಲೆ ಅಚ್ಚೊತ್ತಿ ಒಳಗೆ ಬೇರೇನೋ ತುಂಬಿದ್ದನ್ನು ಕಂಡವರಿಗೆ, ಹೊರಗಿನ ಬರಹವನ್ನು ನಂಬಿ ಕೆಲಸ ಮಾಡಬಹುದಾದ ಈ ಸೌಕರ್ಯದ ಬೆಲೆ ತಿಳಿದೀತು.

ವೀಲ್ ಫೈಲ್ ಒಂದು ಸಾಮಾನ್ಯ ಜಿಪ್ ಫೈಲ್; ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿದರೆ ಯಾವ ಕಂಪ್ಯೂಟರ್‌ನಲ್ಲಾದರೂ ತೆರೆಯುತ್ತದೆ. ಒಳಗೆ ಡಿಸ್ಟ್-ಇನ್ಫೋ ಎಂಬ ಫೋಲ್ಡರ್ ಇರುತ್ತದೆ, ಅದರಲ್ಲಿ ರೆಕಾರ್ಡ್ ಎಂಬ ಪಟ್ಟಿ. ಚೀಲದಲ್ಲಿರುವ ಪ್ರತಿಯೊಂದು ಫೈಲಿಗೂ ಅಲ್ಲಿ ಒಂದು ಸಾಲು: ಫೈಲಿನ ಹೆಸರು, ಅದರೊಳಗಿನ ಬರಹದಿಂದಲೇ ಲೆಕ್ಕ ಹಾಕಿ ತೆಗೆದ ಶಾ-256 ಎಂಬ ಗುರುತು, ಅದರ ಅಳತೆ. ಪಟ್ಟಿಯು ತನ್ನ ಗುರುತನ್ನು ತಾನೇ ಬರೆದುಕೊಳ್ಳಲಾರದು, ಬರೆದ ಕೂಡಲೇ ಗುರುತು ಬದಲಾಗುತ್ತದೆ. ಆದ್ದರಿಂದ ತನ್ನ ಸಾಲಿನಲ್ಲಿ ಹೆಸರಿನ ಮುಂದೆ ಎರಡು ಅಲ್ಪವಿರಾಮಗಳನ್ನಷ್ಟೇ ಇಟ್ಟು ಸುಮ್ಮನಾಗುತ್ತದೆ. ಲೆಕ್ಕದ ಪುಸ್ತಕ ಬರೆದವರ ಪ್ರಾಮಾಣಿಕತೆ ಅಲ್ಲಿ ಕಾಣಿಸಿತು. ಪ್ಯಾಕೇಜನ್ನು ತೆಗೆದುಹಾಕುವಾಗ ಪಿಪ್ ಇದೇ ಪಟ್ಟಿಯನ್ನು ಹಿಡಿದು ಒಂದೊಂದನ್ನೇ ಅಳಿಸುತ್ತದೆ. ಹಳೆಯ ಡಿಸ್ಟ್‌ಯುಟಿಲ್ಸ್ ಮೂಲಕ ಅಳವಡಿಸಿದ ಪ್ಯಾಕೇಜ್‌ಗಳ ವಿಷಯದಲ್ಲಿ ಯಾವ ಫೈಲ್ ಯಾರದು ಎಂದು ಖಚಿತವಾಗಿ ಹೇಳಲಾಗದೆಂದು ಪಿಪ್ ಕೈಚೆಲ್ಲುತ್ತಿದ್ದುದನ್ನು ನಾನು ಕಂಡಿದ್ದೇನೆ.

ಇನ್ನು ತಕರಾರಿಗೆ ಬರುತ್ತೇನೆ. ಪೈಥಾನ್‌ನ ಹೊಸ ಆವೃತ್ತಿ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಬಿಡುಗಡೆಯಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಮುಂಗಾರು ಭತ್ತದ ಕೊಯ್ಲು ಬರುವುದು ನವೆಂಬರ್‌ನಲ್ಲಿ. ಈ ಎರಡು ಪಂಚಾಂಗಗಳನ್ನು ಯಾರೂ ಕೂಡಿಸಿ ನೋಡಿದಂತಿಲ್ಲ. 2023ರ ನವೆಂಬರ್‌ನಲ್ಲಿ ಕಾರಟಗಿ ರಸ್ತೆಯ ಒಂದು ಗಿರಣಿಯಲ್ಲಿ ಕಂಪ್ಯೂಟರ್ ಸುಟ್ಟುಹೋಗಿ ಹೊಸದು ಬಂತು. ಅಲ್ಲಿದ್ದ ಹುಡುಗ, ನಾನು ಬರುವುದರೊಳಗೆ ಕೆಲಸ ಮುಂದುವರಿಯಲೆಂದು, ಆಗಷ್ಟೇ ಬಂದಿದ್ದ ಪೈಥಾನ್ 3.12ನ್ನು ಇಳಿಸಿಕೊಂಡು, ಬೇಕಾದ ಪ್ಯಾಕೇಜ್‌ಗಳ ನನ್ನ ಪಟ್ಟಿಯನ್ನು ಪಿಪ್‌ಗೆ ಕೊಟ್ಟಿದ್ದ. ಪಟ್ಟಿಯಲ್ಲಿದ್ದ ಒಂದು ಚಿಕ್ಕ ಪ್ಯಾಕೇಜ್‌ಗೆ 3.12ರ ವೀಲ್ ಇನ್ನೂ ಬಂದಿರಲಿಲ್ಲ. ಪಿಪ್ ಅದನ್ನು ಹೇಳಬಹುದಿತ್ತು. ಹೇಳಲಿಲ್ಲ, ಸದ್ದಿಲ್ಲದೆ ಎಸ್‌ಡಿಸ್ಟನ್ನು ತಂದು ಅಲ್ಲೇ ಕುಟ್ಟಲು ಶುರುಮಾಡಿತು. ಪರದೆಯ ತುಂಬ ಕೆಂಪು ಸಾಲುಗಳು, ಕೊನೆಯಲ್ಲಿ ವಿಷುಯಲ್ ಸಿ ಪ್ಲಸ್ ಪ್ಲಸ್ 14.0 ಅಥವಾ ಅದಕ್ಕಿಂತ ಹೊಸದು ಬೇಕೆಂಬ ಸೂಚನೆ. ಹುಡುಗ ಆ ಸೂಚನೆಯನ್ನು ನಂಬಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಹಲವು ಜಿಬಿಯ ಆ ಕಂಪೈಲರ್ ಕಟ್ಟನ್ನು ಇಳಿಸಲು ಹಚ್ಚಿ ಕೂತಿದ್ದ. ನಾನು ಹೋಗುವಷ್ಟರಲ್ಲಿ ಹೊರಗೆ ಭತ್ತ ಹೇರಿಕೊಂಡ ಟ್ರ್ಯಾಕ್ಟರ್‌ಗಳ ಸಾಲು ಪೆಟ್ರೋಲ್ ಬಂಕ್ ದಾಟಿತ್ತು, ಗುಮಾಸ್ತರು ಕೈಬರಹದ ಚೀಟಿ ಕೊಡುತ್ತಿದ್ದರು. ಏನಾಗಿದೆಯೆಂದು ಅವರಿಗೆ ಅರ್ಥವಾಗುವಂತೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಅಕ್ಕಿ ಕೇಳಿದ್ರ ಭತ್ತ ಕಳಿಸ್ಯಾರ ಅಂತೀರಿ. ಕುಟ್ಟಾಕ ಒನಕೀನೂ ನಾವ ತರಬೇಕೇನ್ರಿ ಸರ?" ಎಂದರು.

ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ವೀಲ್‌ಗೆ ಬರೆದ ಮಾನದಂಡದಲ್ಲಿ ಕೊರತೆಯಿಲ್ಲ. ಹೊಂದುವ ವೀಲ್ ಇಲ್ಲದಿದ್ದಾಗ ಗಿರಾಕಿಯನ್ನು ಕೇಳದೆ ಭತ್ತಕ್ಕೆ ಇಳಿಯುವ ಪಿಪ್‌ನ ಹಳೆಯ ಅಭ್ಯಾಸದಲ್ಲಿ ಕೊರತೆಯಿದೆ. ವೀಲ್ ಅಪರೂಪವಾಗಿದ್ದ ಕಾಲದಲ್ಲಿ ಆ ಅಭ್ಯಾಸ ಅಗತ್ಯವಾಗಿತ್ತು. ದೊಡ್ಡ ಪ್ಯಾಕೇಜ್‌ಗಳೆಲ್ಲ ವೀಲ್ ಕೊಡುವ ಈ ಕಾಲದಲ್ಲಿ, ಕಂಪೈಲರ್ ಎಂದರೇನೆಂದೇ ತಿಳಿಯದವರ ಕಂಪ್ಯೂಟರ್‌ಗಳ ಮೇಲೆ, ಅದು ಸಹಾಯಕ್ಕಿಂತ ತೊಂದರೆಯನ್ನೇ ಹೆಚ್ಚು ಕೊಡುತ್ತದೆ. ಓನ್ಲಿ-ಬೈನರಿ ಎಂಬ ಆಯ್ಕೆ ಕೊಟ್ಟರೆ ಪಿಪ್ ಎಸ್‌ಡಿಸ್ಟನ್ನು ಮುಟ್ಟುವುದಿಲ್ಲ, ಹೊಂದುವ ಆವೃತ್ತಿ ಸಿಗಲಿಲ್ಲವೆಂದು ಒಂದೆರಡು ಸಾಲಿನಲ್ಲಿ ಹೇಳಿ ನಿಲ್ಲುತ್ತದೆ. ಅಷ್ಟು ಹೇಳಿದ್ದರೆ ಆ ಹುಡುಗ ಹಳೆಯ ಪೈಥಾನ್ ಹಾಕಿಕೊಂಡು ಕಾಲು ಗಂಟೆಯಲ್ಲಿ ಕೆಲಸ ಮುಗಿಸುತ್ತಿದ್ದ. ಈ ಆಯ್ಕೆಯನ್ನು ಬೇಕಾದವರು ಬರೆದುಕೊಳ್ಳಲಿ ಎಂದು ಬಿಟ್ಟಿದ್ದಾರೆ. ಬೇಡವಾದವರು ಬರೆದುಕೊಳ್ಳಲಿ ಎಂದಿರಬೇಕಿತ್ತು. ಐದಕ್ಕೆ ಐದು ಕೊಡಬೇಕಾದ ವ್ಯವಸ್ಥೆಗೆ ನಾನು ನಾಲ್ಕು ಕೊಡುವುದು ಈ ಒಂದು ಕಾರಣಕ್ಕೆ.

ಅಂದಿನಿಂದ ನಾನು ಗಿರಣಿಯ ಕಂಪ್ಯೂಟರನ್ನು ನೇರವಾಗಿ ಪೈಪಿಐಗೆ ಕಳಿಸುವುದಿಲ್ಲ. ನನ್ನ ಕಚೇರಿಯಲ್ಲಿ ಕುಳಿತು ಪಿಪ್‌ನ ಡೌನ್‌ಲೋಡ್ ಆದೇಶಕ್ಕೆ ಯಾವ ಯಂತ್ರ, ಯಾವ ಪೈಥಾನ್ ಎಂದು ಹೇಳಿ, ಓನ್ಲಿ-ಬೈನರಿ ಕಟ್ಟು ಹಾಕಿ, ಬೇಕಾದ ವೀಲ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ಇಳಿಸಿಕೊಳ್ಳುತ್ತೇನೆ. ಗಿರಣಿಯಲ್ಲಿ ಪೆನ್‌ಡ್ರೈವ್ ಚುಚ್ಚಿ, ನೋ-ಇಂಡೆಕ್ಸ್ ಮತ್ತು ಫೈಂಡ್-ಲಿಂಕ್ಸ್ ಎಂಬ ಎರಡು ಆಯ್ಕೆಗಳ ಮೂಲಕ, ಹೊರಗೆ ಹೋಗಬೇಡ, ಈ ಫೋಲ್ಡರ್‌ನಲ್ಲಿರುವುದನ್ನೇ ಹಾಕು ಎಂದು ಪಿಪ್‌ಗೆ ಹೇಳುತ್ತೇನೆ. ಇಂಟರ್‌ನೆಟ್ ಇಲ್ಲದೆಯೇ ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಗಮನಿಸಬೇಕಾದದ್ದೇನೆಂದರೆ, ನನ್ನ ಕಚೇರಿಯ ಲಿನಕ್ಸ್ ಯಂತ್ರದಲ್ಲಿ ಕುಳಿತು ವಿಂಡೋಸ್ ಯಂತ್ರಕ್ಕೆ ಬೇಕಾದ ಸರಕನ್ನು ಆರಿಸಲು ಸಾಧ್ಯವಾಗುವುದು ಫೈಲಿನ ಹೆಸರಿನಲ್ಲೇ ಎಲ್ಲವೂ ಬರೆದಿರುವುದರಿಂದ. ಸೆಟಪ್.ಪಿವೈ ಕಾಲದಲ್ಲಿ ಇದು ಕನಸಿನ ಮಾತಾಗಿತ್ತು.

ಮೂರು ಗಿರಣಿಗಳಲ್ಲಿ ಇಂದಿಗೂ ವಿಂಡೋಸ್ 7 ಇದೆ. ಅದರ ಮೇಲೆ ನಡೆಯುವ ಕೊನೆಯ ಪೈಥಾನ್ 3.8. ಬದಲಿಸಿ ಎಂದು ಹೇಳಿ ಹೇಳಿ ನನ್ನ ಬಾಯಿ ನೋವಾಗಿದೆ, ಕಂಪ್ಯೂಟರ್ ಇನ್ನೂ ಚಾಲೂ ಇದೆಯಲ್ಲ ಎಂಬುದೊಂದೇ ಅವರ ಉತ್ತರ. ಇಂಥ ಕಡೆ ಈ ವ್ಯವಸ್ಥೆ ತೋರುವ ವಿವೇಕವನ್ನು ಮೆಚ್ಚಲೇಬೇಕು. ಪ್ರತಿ ಪ್ಯಾಕೇಜ್‌ನ ವಿವರದಲ್ಲಿ ತನಗೆ ಕನಿಷ್ಠ ಯಾವ ಪೈಥಾನ್ ಬೇಕೆಂದು ಬರೆಯುವ ಜಾಗವಿದೆ, ಪಿಪ್ ಅದನ್ನು ಓದಿ ಹೊಂದುವ ಕೊನೆಯ ಆವೃತ್ತಿಯಲ್ಲೇ ನಿಲ್ಲುತ್ತದೆ. ಆ ಮೂರು ಕಂಪ್ಯೂಟರ್‌ಗಳಲ್ಲಿ ಪಿಲ್ಲೋ 10.4.0ಕ್ಕೆ ನಿಂತಿದೆ, ಪಾಂಡಾಸ್ 2.0.3ಕ್ಕೆ ನಿಂತಿದೆ, ನಾನು ಎಲ್ಲಿಯೂ ಬರೆದಿಟ್ಟುಕೊಳ್ಳಬೇಕಾಗಿಲ್ಲ. ಆವೃತ್ತಿಯ ಅಂಕಿಗಳನ್ನು ಹೇಗೆ ಹೋಲಿಸಬೇಕೆಂಬುದಕ್ಕೂ ಪೆಪ್ 440ರ ನಿಯಮವಿದೆ, 1.10 ಎಂಬುದು 1.9ರ ನಂತರದ್ದು, ಪ್ರಯೋಗಾರ್ಥ ಆವೃತ್ತಿ ಪೂರ್ಣ ಆವೃತ್ತಿಯ ಮೊದಲಿನದ್ದು ಎಂಬಂತೆ. ಚಿಲ್ಲರೆ ವಿಷಯವೆಂದು ಕಂಡೀತು. ನಿಯಮವಿಲ್ಲದಿದ್ದಾಗ ಜಗಳವೇ ಇಂಥ ಚಿಲ್ಲರೆಯಿಂದ ಹುಟ್ಟುವುದು.

ಲಿನಕ್ಸ್‌ನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ, ನನ್ನ ಗಿರಾಕಿಗಳಲ್ಲಿ ಒಬ್ಬರು ಮಾತ್ರ ಅದನ್ನು ಬಳಸುತ್ತಾರೆ. ಲಿನಕ್ಸ್‌ನಲ್ಲಿ ನೂರೆಂಟು ಬಗೆ ಇರುವುದರಿಂದ ಅದಕ್ಕಾಗಿ ಕಟ್ಟಿದ ವೀಲ್‌ಗಳನ್ನು ಪೈಪಿಐ ಬಹುಕಾಲ ಸ್ವೀಕರಿಸುತ್ತಲೇ ಇರಲಿಲ್ಲ. 2016ರ ಪೆಪ್ 513 ಒಂದು ಉಪಾಯ ಹುಡುಕಿತು: ಸೆಂಟ್‌ಓಎಸ್ 5ರಂಥ ಹಳೆಯ ಲಿನಕ್ಸ್‌ನ ಮೇಲೆ ಕಟ್ಟಿದರೆ ಆಮೇಲಿನ ಬಹುಪಾಲು ಲಿನಕ್ಸ್‌ಗಳ ಮೇಲೆ ನಡೆಯುತ್ತದೆ, ಆದ್ದರಿಂದ ಹಾಗೆ ಕಟ್ಟಿದ್ದಕ್ಕೆ ಮೆನಿಲಿನಕ್ಸ್ ಎಂಬ ಮುದ್ರೆ ಒತ್ತೋಣ ಎಂದಿತು. ಮುಂದೆ ಪೆಪ್ 600 ಆ ಮುದ್ರೆಯಲ್ಲಿ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯ ಆವೃತ್ತಿಯನ್ನೇ ನೇರವಾಗಿ ಬರೆಯುವಂತೆ ಮಾಡಿತು. ನನ್ನ ಆ ಒಬ್ಬ ಗಿರಾಕಿಯಿಂದ ಇದುವರೆಗೆ ದೂರು ಬಂದಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ಈ ಉಗ್ರಾಣ ಇನ್ನೂ ಸಂತೆಯಂತೆಯೇ ಇದೆ. ಪ್ರೋಗ್ರಾಮ್‌ನಲ್ಲಿ ಸೀರಿಯಲ್ ಎಂದು ಬರೆದು ಕರೆಯುವ ಪ್ಯಾಕೇಜ್‌ನ ಹೆಸರು ಪೈಪಿಐಯಲ್ಲಿ ಪೈಸೀರಿಯಲ್. ಸೀರಿಯಲ್ ಎಂಬ ಹೆಸರಿನಲ್ಲೇ ಅಲ್ಲಿ ಬೇರೊಂದು ಪ್ಯಾಕೇಜ್ ಇದೆ, ಅದಕ್ಕೂ ತೂಕದ ಯಂತ್ರದ ಕೇಬಲ್‌ಗೂ ಸಂಬಂಧವಿಲ್ಲ. ಅವಸರದಲ್ಲಿ ನಾನೇ ಒಮ್ಮೆ ಅದನ್ನು ತಂದು ಹಾಕಿ, ಪೋರ್ಟ್ ಏಕೆ ತೆರೆಯುತ್ತಿಲ್ಲವೆಂದು ಕೇಬಲ್ ಬದಲಿಸಿ, ಯಂತ್ರದವರನ್ನು ಕರೆಸಿ, ಅರ್ಧ ದಿನ ಕಳೆದಿದ್ದೇನೆ. ತಪ್ಪು ನನ್ನದೇ. ಆದರೂ ಒಳಗೆ ಕರೆಯುವ ಹೆಸರು, ಹೊರಗೆ ಮಾರುವ ಹೆಸರು ಒಂದೇ ಇರತಕ್ಕದ್ದೆಂಬ ನಿಯಮವನ್ನು ಆರಂಭದಲ್ಲೇ ಮಾಡಿದ್ದರೆ ಚೆನ್ನಾಗಿತ್ತು. ಈಗ ಕಾಲ ಮೀರಿದೆ.

ಕಳೆದ ವರ್ಷ ನನ್ನ ತೂಕದ ಲೆಕ್ಕದ ಭಾಗವನ್ನೇ ಬೇರೆ ತೆಗೆದು ಒಂದು ವೀಲ್ ಮಾಡಿಕೊಂಡೆ, ಹನ್ನೊಂದು ಕಡೆ ಹನ್ನೊಂದು ನಕಲು ತಿದ್ದುವ ಗೋಳು ತಪ್ಪಲೆಂದು. ಆಗ ಕೊಡುವವನ ಕಡೆಯಿಂದಲೂ ಈ ವ್ಯವಸ್ಥೆಯನ್ನು ನೋಡಿದಂತಾಯಿತು. ಪೆಪ್ 518 ಮತ್ತು ಪೆಪ್ 621 ಸೂಚಿಸಿದಂತೆ ಪೈಪ್ರಾಜೆಕ್ಟ್.ಟಾಮಲ್ ಎಂಬ ಒಂದು ಫೈಲ್‌ನಲ್ಲಿ ಹೆಸರು, ಆವೃತ್ತಿ, ಬೇಕಾದ ಇತರ ಪ್ಯಾಕೇಜ್‌ಗಳು, ಕಟ್ಟಲು ಬೇಕಾದ ಸಲಕರಣೆ ಇಷ್ಟನ್ನು ಬರೆದೆ. ಓಡಿಸಬೇಕಾದ ಪ್ರೋಗ್ರಾಮ್ ಅಲ್ಲ, ಓದಬಹುದಾದ ಪಟ್ಟಿ, ಸೆಟಪ್.ಪಿವೈ ಹಿಡಿದಿದ್ದ ಆ ಹುಚ್ಚು ಇಲ್ಲಿ ಬಿಟ್ಟಿದೆ. ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಲಾಭ ಇನ್ನೊಂದಿದೆ. ಗಿರಣಿಯ ಹುಡುಗರು ಓದಲೆಂದು ಪರಿಚಯದ ಪುಟವನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ. ಹಿಂದೆ ಸೆಟಪ್.ಪಿವೈ ಒಳಗಿಂದ ಆ ಪುಟವನ್ನು ತೆರೆದಾಗ, ಅಕ್ಷರ ಸಂಕೇತ ಯಾವುದೆಂದು ಹೇಳಲು ಮರೆತಿದ್ದರೆ, ಲಿನಕ್ಸ್‌ನಲ್ಲಿ ಸರಿಯಾಗಿ ನಡೆದದ್ದು ವಿಂಡೋಸ್‌ನಲ್ಲಿ ಮೊದಲ ಕನ್ನಡ ಅಕ್ಷರಗಳಲ್ಲೇ ಮುಗ್ಗರಿಸುತ್ತಿತ್ತು. ಟಾಮಲ್ ಫೈಲ್, ಕನ್ನಡಕ್ಕೂ ಜಾಗವಿರುವ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲೇ ಇರಬೇಕೆಂಬ ನಿಯಮವಿದೆ, ವೀಲ್‌ನ ಒಳಗಿನ ವಿವರವೂ ಅದರಲ್ಲೇ ಇರುತ್ತದೆ. ಕಟ್ಟುವವನು ಮರೆತರೂ ಕನ್ನಡ ಕೆಡುವುದಿಲ್ಲ.

ಪ್ಯಾಕೇಜ್‌ನ ಹೆಸರನ್ನು ಮಾತ್ರ ಕನ್ನಡದಲ್ಲಿ ಇಡಲಾಗದು. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕೆ, ಎರಡು ಬಗೆಯ ಅಡ್ಡಗೆರೆ, ಇಷ್ಟಕ್ಕೇ ಅವಕಾಶ. ಭಾಷೆಯ ಒಳಗೆ ಭತ್ತ ಎಂಬ ಹೆಸರಿನ ಚರವನ್ನು ಕನ್ನಡದಲ್ಲೇ ಬರೆದು ಅದಕ್ಕೆ 75 ಎಂದು ಬೆಲೆ ಕೊಟ್ಟರೆ ಪೈಥಾನ್ 3 ತಕರಾರಿಲ್ಲದೆ ಒಪ್ಪುತ್ತದೆ. ಉಗ್ರಾಣದ ಬಾಗಿಲಲ್ಲಿ ಆ ಉದಾರತೆ ಇಲ್ಲ. ಒಂದರಂತೆಯೇ ಕಾಣುವ ಬೇರೆ ಲಿಪಿಯ ಅಕ್ಷರಗಳಿಂದ ಮೋಸದ ಹೆಸರುಗಳು ಹುಟ್ಟಬಹುದೆಂಬುದನ್ನು ಯೋಚಿಸಿದರೆ ಈ ಬಿಗಿ ಬೇಕೇನೋ ಅನ್ನಿಸುತ್ತದೆ. ಆದರೂ ನನ್ನ ವೀಲ್‌ನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಗುಮಾಸ್ತರು ಅದನ್ನು ಬತ್ತಾ ಎಂದು ಓದಿ ದಿನಭತ್ಯೆಯ ಲೆಕ್ಕವೆಂದು ತಿಳಿದರು.

ಉಳಿದಿರುವುದು ಪಟ್ಟಿಯ ಪ್ರಶ್ನೆ. ಈ ಗಿರಣಿಯಲ್ಲಿ ಇಂದು ಇರುವ ಪ್ಯಾಕೇಜ್‌ಗಳು, ಅವುಗಳ ಆವೃತ್ತಿ, ಒಂದೊಂದು ಫೈಲಿನ ಗುರುತು, ಇದನ್ನು ಬರೆದಿಡಲು ಇಷ್ಟು ವರ್ಷ ಒಬ್ಬೊಬ್ಬರದು ಒಂದೊಂದು ಪದ್ಧತಿಯಿತ್ತು. 2025ರಲ್ಲಿ ಅಂಗೀಕಾರವಾದ ಪೆಪ್ 751 ಅದಕ್ಕೂ ಪೈಲಾಕ್.ಟಾಮಲ್ ಎಂಬ ಒಂದೇ ರೂಪವನ್ನು ಗೊತ್ತುಮಾಡಿದೆ. ಪಿಪ್ 25.1ರಲ್ಲಿ ಅದನ್ನು ಬರೆಯುವ ಆದೇಶ ಪ್ರಾಯೋಗಿಕವಾಗಿ ಬಂದಿದೆ, ಬರೆದ ಯಂತ್ರಕ್ಕೂ ಅಲ್ಲಿನ ಪೈಥಾನ್‌ಗೂ ಮಾತ್ರ ಸಲ್ಲುವಂತೆ. ಬೇರೆಯವರು ಮಾಡಿದ ಯುವಿ ಎಂಬ ಸಲಕರಣೆ ಆ ಫೈಲನ್ನು ಓದಿ ಅಳವಡಿಸಬಲ್ಲದು. ಹನ್ನೊಂದರಲ್ಲಿ ಎರಡು ಗಿರಣಿಗಳಿಗೆ ಇಂಥ ಪಟ್ಟಿ ಬರೆದಿಟ್ಟಿದ್ದೇನೆ. ಉಳಿದ ಒಂಬತ್ತರ ಕೆಲಸ ಬೇಸಿಗೆ ಬೆಳೆಯ ತೂಕ ಮುಗಿದ ಮೇಲೆ, ಅಕ್ಟೋಬರ್‌ಗೆ ಮೊದಲು.